ಮಣ್ಣಲ್ಲಿ ಮಣ್ಣಾಗುವ ಪ್ಲಾಸ್ಟಿಕ್: ನಮ್ಮ ಹೊಲದ ಬ್ಯಾಕ್ಟೀರಿಯಾಗಳಿಗೆ ಏನನ್ನು ಉಣಿಸಬೇಕು, ಅವುಗಳಿಂದ ಏನನ್ನು ಮಾಡಬೇಕು?

ಬೋಧಕಿ, ಧಾರವಾಡ

ಧಾರವಾಡದ ಒಂದು ಕಾಲೇಜಿನಲ್ಲಿ ನಾನು ಸೂಕ್ಷ್ಮಜೀವಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಈ ವರ್ಷದ ಕಿರುಸಂಶೋಧನೆಗೆ ಪ್ಲಾಸ್ಟಿಕ್ ತಯಾರಿಸುವ ಬ್ಯಾಕ್ಟೀರಿಯಾಗಳನ್ನು ಆಯ್ದುಕೊಂಡಿದ್ದಾರೆ. ನವಲಗುಂದದ ಎರೆ ಹೊಲ, ಧಾರವಾಡದ ಪಡುವಣ ದಿಕ್ಕಿನ ಮಸಾರಿ ಹೊಲ, ಕೆಲಗೇರಿ ಕೆರೆಯ ಅಂಚಿನ ಕೆಸರು, ಕಲಘಟಗಿ ಕಡೆಯ ಒಂದು ಬೆಲ್ಲದ ಗಾಣದ ಹಿಂಬದಿಯ ಮಣ್ಣು, ಇವಿಷ್ಟರಿಂದ ಮಾದರಿ ತಂದು, 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಕಾಯಿಸಿ, ಬೀಜಕ ಕಟ್ಟುವ ಬ್ಯಾಕ್ಟೀರಿಯಾಗಳನ್ನಷ್ಟೇ ಉಳಿಸಿಕೊಂಡು, ಸಕ್ಕರೆ ಹೆಚ್ಚಿರುವ ಮತ್ತು ಸಾರಜನಕ ಕಡಿಮೆ ಇರುವ ಮಾಧ್ಯಮದ ಮೇಲೆ ಬೆಳೆಸಿದ್ದಾರೆ. ಕೋಶದೊಳಗಿನ ಕೊಬ್ಬಿನಂಥ ವಸ್ತುವಿಗೆ ಅಂಟುವ ಸುಡಾನ್ ಬ್ಲ್ಯಾಕ್ ಬಣ್ಣ ಹಾಕಿದಾಗ ಹಲವು ಗುಂಪುಗಳು ಕಪ್ಪು ನೀಲಿಯಾಗಿ ಕಂಡವು. ಅತಿ ಗಾಢವಾದವು ಗಾಣದ ಮಣ್ಣಿನವು.

ಈ ವಿಷಯ ಹೊಸದಾಗಿರುವ ಓದುಗರಿಗಾಗಿ ನಾಲ್ಕು ಮಾತು ಹೇಳುತ್ತೇನೆ. ಸುಗ್ಗಿಯಲ್ಲಿ ಜೋಳ ಮಿಕ್ಕಾಗ ನಮ್ಮ ಹಿರಿಯರು ಹಗೇವಿನಲ್ಲಿ ತುಂಬಿಡುತ್ತಿದ್ದಂತೆ, ಅನೇಕ ಬ್ಯಾಕ್ಟೀರಿಯಾಗಳು ಇಂಗಾಲದ ಆಹಾರ ಯಥೇಚ್ಛವಾಗಿದ್ದು ಸಾರಜನಕವೋ ರಂಜಕವೋ ಸಾಲದೆ ಬಂದಾಗ, ಕೋಶ ವಿಭಜನೆಗೆ ಬಳಸಲಾಗದ ಇಂಗಾಲವನ್ನು ಒಂದು ಪಾಲಿಯೆಸ್ಟರ್ ಆಗಿ ಕೂಡಿಸಿ ಕೋಶದೊಳಗೆ ಸಣ್ಣ ಸಣ್ಣ ಕಣಗಳಾಗಿ ಇಟ್ಟುಕೊಳ್ಳುತ್ತವೆ. ಫ್ರಾನ್ಸಿನ ಮೋರಿಸ್ ಲೆಮ್ವಾನ್ 1926ರಲ್ಲಿ ಬ್ಯಾಸಿಲಸ್ ಮೆಗಾಟೇರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಗುರುತಿಸಿದ ಈ ವಸ್ತುವೇ ಪಾಲಿಹೈಡ್ರಾಕ್ಸಿಬ್ಯುಟಿರೇಟ್, ಅಂದರೆ ಪಿಎಚ್‌ಬಿ. ಇದರ ಇಡೀ ಬಳಗಕ್ಕೆ ಪಾಲಿಹೈಡ್ರಾಕ್ಸಿಆಲ್ಕನೋಯೇಟ್, ಅಂದರೆ ಪಿಎಚ್‌ಎ ಎನ್ನುತ್ತಾರೆ. ಜೀವಕೋಶದಲ್ಲಿ ಎಲ್ಲೆಡೆ ಸಿಗುವ ಅಸಿಟೈಲ್ ಕೋಎ ಎಂಬ ಅಣುವಿನಿಂದ ಹೊರಟು ಮೂರೇ ಕಿಣ್ವಗಳ ಮೂಲಕ ಇದು ಸಿದ್ಧವಾಗುತ್ತದೆ. ಕುಪ್ರಿಯಾವಿಡಸ್ ನೆಕೇಟರ್ ಎಂಬ ಬ್ಯಾಕ್ಟೀರಿಯಾವು ತಕ್ಕ ಪೋಷಣೆ ದೊರೆತಾಗ ತನ್ನ ಒಣ ತೂಕದ 80 ಪ್ರತಿಶತದಷ್ಟನ್ನು ಈ ಪಾಲಿಯೆಸ್ಟರ್ ಆಗಿಯೇ ಕೂಡಿಡಬಲ್ಲದು. ಮಣ್ಣಿನಲ್ಲಿರುವ ಇತರ ಜೀವಿಗಳು ಇದನ್ನು ಮತ್ತೆ ತಿಂದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಮುಗಿಸುತ್ತವೆ.

ನಮ್ಮ ವಿದ್ಯಾರ್ಥಿಗಳು ಕೋಶಗಳಿಂದ ಈ ಪಾಲಿಯೆಸ್ಟರನ್ನು, ಅಂದರೆ ಉದ್ದ ಸರಪಳಿಯಂಥ ಅಣುಗಳ ಪಾಲಿಮರನ್ನು, ಸ್ವಲ್ಪ ಹೊರತೆಗೆದು ತೆಳುವಾದ ಹಾಳೆಯನ್ನೂ ಮಾಡಿದ್ದಾರೆ. ಅದು ಬೆಳ್ಳಗಿದೆ, ಆದರೆ ಬಾಗಿಸಿದರೆ ಮುರಿಯುತ್ತದೆ. ಇಂಥ ಪ್ರಯೋಗಗಳು ಸಾಮಾನ್ಯವಾಗಿ ಈ ಹಾಳೆಯ ಚಿತ್ರದೊಂದಿಗೆ ಮುಗಿದುಹೋಗುತ್ತವೆ. ನಮ್ಮದು ಅಲ್ಲಿಗೇ ನಿಲ್ಲಬಾರದೆಂಬುದು ನನ್ನ ಆಸೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಸಿಗುವ ಯಾವ ಉಳಿಕೆ ಪದಾರ್ಥದ ಮೇಲೆ ಇವುಗಳನ್ನು ಬೆಳೆಸಬಹುದು, ಬಂದ ಪ್ಲಾಸ್ಟಿಕ್ಕಿನಿಂದ ಈ ಭಾಗಕ್ಕೆ ನಿಜವಾಗಿ ಬೇಕಾದ ಯಾವ ವಸ್ತುವನ್ನು ಮಾಡಬಹುದು, ಈ ಎರಡು ಪ್ರಶ್ನೆಗಳಿಗೆ ಬಲ್ಲವರು ಉತ್ತರಿಸಬೇಕೆಂದು ಕೋರುತ್ತೇನೆ.

ಸಂಶೋಧನಾ ವಿದ್ಯಾರ್ಥಿ, ಗದಗ

ಬೋಧಕಿಯವರ ಎರಡು ಪ್ರಶ್ನೆಗಳಿಗೂ ಮೊದಲು ಇತ್ಯರ್ಥವಾಗಬೇಕಾದ ಒಂದು ಸಂಗತಿ ಇದೆ. ಸುಡಾನ್ ಬ್ಲ್ಯಾಕ್ ಎಲ್ಲ ಬಗೆಯ ಕೊಬ್ಬಿಗೂ ಅಂಟುವ ಬಣ್ಣವಾದ್ದರಿಂದ, ಕಪ್ಪಾದ ಗುಂಪುಗಳೆಲ್ಲವೂ ಪಿಎಚ್‌ಬಿ ತಯಾರಕರೆಂದು ಅದರಿಂದಲೇ ತೀರ್ಮಾನಿಸಲಾಗದು. ಮಾಧ್ಯಮದಲ್ಲಿಯೇ ಪ್ರತಿ ಮಿಲಿಲೀಟರಿಗೆ 0.5 ಮೈಕ್ರೋಗ್ರಾಮಿನಷ್ಟು ನೈಲ್ ರೆಡ್ ಎಂಬ ಬಣ್ಣ ಬೆರೆಸಿ ಬೆಳೆಸಿದರೆ, ಪಿಎಚ್‌ಎ ಕೂಡಿಡುವ ಗುಂಪುಗಳು ನೇರಳಾತೀತ ಬೆಳಕಿನಲ್ಲಿ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತವೆ, ಬ್ಯಾಕ್ಟೀರಿಯಾಗಳೂ ಸಾಯುವುದಿಲ್ಲ. ಇದು ಕೂಡ ಮೊದಲ ಜರಡಿಯೇ. ಕೊನೆಯ ಮಾತನ್ನು ಹೇಳಬೇಕಾದದ್ದು ಹೊರತೆಗೆದ ಪಾಲಿಮರ್. ಅದನ್ನು ಮೆಥನಾಲ್ ಮತ್ತು ಆಮ್ಲದೊಂದಿಗೆ ಕಾಯಿಸಿ ಘಟಕಗಳನ್ನು ಆವಿಯಾಗಿಸಿ ಬೇರ್ಪಡಿಸುವ ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ಅಳೆದರೆ ಎಷ್ಟಿದೆ ಎಂಬುದರ ಜೊತೆಗೆ ಯಾವ ಬಗೆಯದು ಎಂಬುದೂ ತಿಳಿಯುತ್ತದೆ. 1961ರಲ್ಲಿ ಲಾ ಮತ್ತು ಸ್ಲೆಪೆಕಿ ಪ್ರಕಟಿಸಿದ ವಿಧಾನದಲ್ಲಿ, ಗಂಧಕಾಮ್ಲದಲ್ಲಿ ಕಾಯಿಸಿ ಕ್ರೋಟಾನಿಕ್ ಆಮ್ಲವಾಗಿಸಿ 235 ನ್ಯಾನೋಮೀಟರಿನಲ್ಲಿ ಅಳೆಯುತ್ತಾರೆ. ಸಣ್ಣ ಪ್ರಯೋಗಾಲಯಗಳಲ್ಲಿ ಇಂದಿಗೂ ಅದೇ ನಡೆಯುತ್ತಿದೆ. ಆದರೆ ಕೋಶದ ಇತರ ಅಂಶಗಳು ಮತ್ತು ಉಳಿದ ಸಕ್ಕರೆ ಚೆನ್ನಾಗಿ ತೊಳೆದುಹೋಗದಿದ್ದರೆ ಅವೂ ಅದೇ ಬೆಳಕನ್ನು ಹೀರಿ ಫಲಿತಾಂಶವನ್ನು ಉಬ್ಬಿಸುತ್ತವೆ.

ಎರಡನೆಯ ಸಂಗತಿ ಸುರಕ್ಷತೆಯದು. 80 ಡಿಗ್ರಿಗೆ ಕಾಯಿಸಿ ಆರಿಸಿದಾಗ ಬರುವವುಗಳಲ್ಲಿ ಬ್ಯಾಸಿಲಸ್ ಕುಲದವೇ ಹೆಚ್ಚು. ಅವುಗಳಲ್ಲಿ ಬ್ಯಾಸಿಲಸ್ ಸೀರಿಯಸ್ ಗುಂಪಿನವು ಪಿಎಚ್‌ಬಿಯನ್ನು ಚೆನ್ನಾಗಿಯೇ ಕೂಡಿಡುತ್ತವೆ, ಆದರೆ ಅದೇ ಗುಂಪಿನ ಕೆಲವು ತಳಿಗಳು ಆಹಾರವನ್ನು ವಿಷವಾಗಿಸುತ್ತವೆ. ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಸಾಮಾನ್ಯವಾಗಿ ಓದುವ 16ಎಸ್ ಜೀನಿನ ಅನುಕ್ರಮವೊಂದರಿಂದಲೇ ಬ್ಯಾಸಿಲಸ್ ಸೀರಿಯಸ್, ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬಿವುಗಳನ್ನು ಬೇರ್ಪಡಿಸಲು ಬರುವುದಿಲ್ಲ. ಆದ್ದರಿಂದ ಗಾಣದ ಮಣ್ಣಿನ ಅತಿ ಗಾಢವಾದ ತಳಿಯನ್ನು ದೊಡ್ಡ ಪಾತ್ರೆಗೆ ಏರಿಸುವ ಮುನ್ನ, ಅದು ರಕ್ತ ಬೆರೆಸಿದ ಅಗಾರ್ ಮಾಧ್ಯಮದ ಮೇಲೆ ಹೇಗೆ ವರ್ತಿಸುತ್ತದೆ, ವಿಷದ ಜೀನುಗಳನ್ನು ಹೊತ್ತಿದೆಯೇ ಎಂದು ನೋಡಿಕೊಳ್ಳಬೇಕು. ಬ್ಯಾಸಿಲಸ್ ಮೆಗಾಟೇರಿಯಂ ದೊರೆತರೆ, ಇಳುವರಿ ತುಸು ಕಡಿಮೆಯಿದ್ದರೂ ನಾನು ಅದನ್ನೇ ಆರಿಸುತ್ತೇನೆ.

ಇವು ಬೀಜಕ ಕಟ್ಟತೊಡಗಿದರೆ ಕೂಡಿಟ್ಟ ಪಿಎಚ್‌ಬಿಯನ್ನು ತಾವೇ ಬಳಸಿಬಿಡುತ್ತವೆ ಎಂಬುದೂ ನೆನಪಿರಲಿ. ಕೊಯ್ಲು ಯಾವಾಗ ಎಂಬುದನ್ನು ಗಡಿಯಾರ ನೋಡಿ ನಿರ್ಧರಿಸಬಾರದು, ಸೂಕ್ಷ್ಮದರ್ಶಕದಲ್ಲಿ ಕೋಶಗಳನ್ನು ನೋಡಿ ನಿರ್ಧರಿಸಬೇಕು.

ರಾಸಾಯನಿಕ ಎಂಜಿನಿಯರ್, ಹುಬ್ಬಳ್ಳಿ

ಈ ಚರ್ಚೆಯಲ್ಲಿ ಲೆಕ್ಕವೂ ಸೇರಲಿ ಎಂದು ಬರೆಯುತ್ತಿದ್ದೇನೆ. ಒಂದು ಗ್ರಾಂ ಗ್ಲೂಕೋಸಿನಿಂದ ಸಿದ್ಧಾಂತದ ಪ್ರಕಾರ ದೊರೆಯಬಹುದಾದ ಗರಿಷ್ಠ ಪಿಎಚ್‌ಬಿ ಸುಮಾರು 0.48 ಗ್ರಾಂ. ಬ್ಯಾಕ್ಟೀರಿಯಾವು ತಾನೂ ಬದುಕಬೇಕಾದ್ದರಿಂದ ವಾಸ್ತವದಲ್ಲಿ 0.3ರಿಂದ 0.4 ಗ್ರಾಂ ಸಿಕ್ಕರೆ ಒಳ್ಳೆಯ ಇಳುವರಿಯೆಂದೇ ತಿಳಿಯಬೇಕು. ಹಾಗಾದರೆ ಒಂದು ಕಿಲೋ ಪ್ಲಾಸ್ಟಿಕ್ಕಿಗೆ ಸುಮಾರು ಮೂರು ಕಿಲೋ ಸಕ್ಕರೆ ಬೇಕು. ಇದರ ಮೇಲೆ ಹಬೆಯಿಂದ ಕ್ರಿಮಿಶುದ್ಧಿ, ಎಡೆಬಿಡದೆ ಗಾಳಿ ಊದುವುದು, ಕೋಶಗಳು ಹೊಮ್ಮಿಸುವ ಶಾಖವನ್ನು ಹೊರಹಾಕುವುದು, ಕೊನೆಗೆ ಕೋಶವನ್ನೊಡೆದು ಪಾಲಿಮರನ್ನು ಬೇರ್ಪಡಿಸುವುದು, ಇವೆಲ್ಲದರ ಖರ್ಚು ಕೂಡುತ್ತದೆ. ಪಾಲಿಪ್ರೊಪಿಲೀನ್ ಎಂಬ ಸಾಮಾನ್ಯ ಪ್ಲಾಸ್ಟಿಕ್ಕಿಗಿಂತ ಪಿಎಚ್‌ಎ ಇಂದಿಗೂ ಹಲವು ಪಟ್ಟು ದುಬಾರಿಯಾಗಿರುವುದಕ್ಕೆ ಇದೇ ಕಾರಣ.

ಬೇರ್ಪಡಿಸುವ ಹಂತವನ್ನು ಪ್ರಬಂಧಗಳು ಒಂದು ಸಾಲಿನಲ್ಲಿ ದಾಟಿಹೋಗುತ್ತವೆ, ಆದರೆ ಕಾರ್ಖಾನೆಗಳು ಸೋಲುವುದು ಅಲ್ಲಿಯೇ. ಪ್ರಯೋಗಾಲಯದಲ್ಲಿ ಎಲ್ಲರೂ ಕ್ಲೋರೋಫಾರ್ಮ್ ಬಳಸುತ್ತಾರೆ. ದ್ರಾವಣದಲ್ಲಿ ಪಿಎಚ್‌ಬಿಯ ಪ್ರಮಾಣ 5 ಪ್ರತಿಶತ ದಾಟಿದರೆ ಅದು ಬೆಲ್ಲದ ಪಾಕಕ್ಕಿಂತ ಮಂದವಾಗಿ ಸೋಸಲಿಕ್ಕೇ ಬರದಂತಾಗುವುದರಿಂದ, ಪಾಲಿಮರಿನ ಸುಮಾರು 20 ಪಟ್ಟು ದ್ರಾವಕ ಬೇಕಾಗುತ್ತದೆ. ಮಣ್ಣನ್ನು ಉಳಿಸುವುದಕ್ಕಾಗಿ ಮಾಡುವ ವಸ್ತುವಿಗೆ ಅಷ್ಟು ಕ್ಲೋರಿನ್‌ಯುಕ್ತ ದ್ರಾವಕವನ್ನು ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಬಟ್ಟೆ ಬಿಳುಪಾಗಿಸುವ ಹೈಪೋಕ್ಲೋರೈಟ್ ಬಳಸಿದರೆ ಕೋಶದ ಉಳಿದ ಭಾಗಗಳು ಜೀರ್ಣವಾಗುತ್ತವೆ, ಆದರೆ ಪಾಲಿಮರಿನ ಸರಪಳಿಯೂ ತುಂಡಾಗಿ ಹಾಳೆ ಮತ್ತಷ್ಟು ಬಲಹೀನವಾಗುತ್ತದೆ.

ಈ ತೊಡಕನ್ನು ಬ್ರೆಜಿಲಿನವರು ಬಿಡಿಸಿದ ರೀತಿ ನಮ್ಮ ಭಾಗಕ್ಕೆ ಹತ್ತಿರದ್ದು. ಸಾವೊ ಪಾಲೊ ರಾಜ್ಯದ ಸೆರಾನಾದಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಆವರಣದಲ್ಲಿಯೇ 1990ರ ದಶಕದಲ್ಲಿ ಪ್ರಾಯೋಗಿಕ ಪಿಎಚ್‌ಬಿ ಘಟಕವನ್ನು ನಿಲ್ಲಿಸಿದರು. ಸಕ್ಕರೆ ಅಲ್ಲಿಯದೇ, ಹಬೆ ಮತ್ತು ವಿದ್ಯುತ್ತು ಕಬ್ಬಿನ ಸಿಪ್ಪೆಯಿಂದ, ಪಾಲಿಮರನ್ನು ಬೇರ್ಪಡಿಸುವ ದ್ರಾವಕವು ಎಥನಾಲ್ ಬಟ್ಟಿ ಇಳಿಸುವಾಗ ಉಪ ಉತ್ಪನ್ನವಾಗಿ ಬರುವ ಐಸೊಅಮೈಲ್ ಆಲ್ಕೊಹಾಲ್. ಹಾವೇರಿ ಜಿಲ್ಲೆಯಲ್ಲಿಯೂ ಗದಗ ಜಿಲ್ಲೆಯ ಮುಂಡರಗಿಯಲ್ಲಿಯೂ ಸಕ್ಕರೆ ಕಾರ್ಖಾನೆಗಳಿವೆ. ಪಿಎಚ್‌ಬಿಯನ್ನು ಪ್ರತ್ಯೇಕ ಕಾರ್ಖಾನೆಯಾಗಿ ಎಣಿಸದೆ ಅಂಥದೊಂದರ ಅಂಗವಾಗಿ ಎಣಿಸಿದರೆ ಮಾತ್ರ ಲೆಕ್ಕ ಕೂಡಲು ಸಾಧ್ಯ.

ಎಚ್ಚರಿಕೆಗೆ ಇತಿಹಾಸವೂ ಇದೆ. ಬ್ರಿಟನ್ನಿನ ಐಸಿಐ ಕಂಪನಿಯು ಬಯೋಪೋಲ್ ಎಂಬ ಹೆಸರಿನಲ್ಲಿ ಇದನ್ನು ಮಾರಾಟಕ್ಕೆ ತಂದಿತು. 1990ರಲ್ಲಿ ಜರ್ಮನಿಯಲ್ಲಿ ವೆಲ್ಲಾ ಕಂಪನಿಯ ಶಾಂಪೂ ಬಾಟಲಿಗಳು ಇದರಿಂದಲೇ ಆದವು. ಆ ತಂತ್ರಜ್ಞಾನವು 1996ರಲ್ಲಿ ಮಾನ್ಸ್ಯಾಂಟೊ ಕೈಗೆ, 2001ರಲ್ಲಿ ಮೆಟಬಾಲಿಕ್ಸ್ ಕೈಗೆ ಹೋಯಿತು. ಎಣ್ಣೆಯಿಂದ ಪಿಎಚ್‌ಎ ತಯಾರಿಸುತ್ತಿದ್ದ ಅಮೆರಿಕದ ಡ್ಯಾನಿಮರ್ ಸೈಂಟಿಫಿಕ್ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಜಪಾನಿನ ಕಾನೆಕಾ ಕಂಪನಿಯು ಸಸ್ಯಜನ್ಯ ಎಣ್ಣೆಯಿಂದ ಪಿಎಚ್‌ಬಿಎಚ್ ಎಂಬ ಮೃದುವಾದ ಬಗೆಯನ್ನು ತಯಾರಿಸುತ್ತ ಮುಂದುವರಿದಿದೆ. ವಿಜ್ಞಾನ ಗೊತ್ತಿಲ್ಲದೆ ಇವರಲ್ಲಿ ಯಾರೂ ಸೋಲಲಿಲ್ಲ. ಅಗ್ಗದ ಪ್ಲಾಸ್ಟಿಕ್ಕಿನಿಂದಲೇ ಆಗುವ ಕೆಲಸವನ್ನು ದುಬಾರಿ ಪ್ಲಾಸ್ಟಿಕ್ಕಿನಿಂದ ಮಾಡಿಸಲು ಹೊರಟದ್ದು ಸೋಲಿಗೆ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ಆದ್ದರಿಂದ ಬೋಧಕಿಯವರ ಎರಡನೆಯ ಪ್ರಶ್ನೆಯೇ ಮೊದಲು ಬರಬೇಕು: ಸಾಮಾನ್ಯ ಪ್ಲಾಸ್ಟಿಕ್ ಮಾಡಲಾರದ ಯಾವ ಕೆಲಸ ನಮ್ಮಲ್ಲಿದೆ?

ಕೃಷಿಕ, ರಾಣೆಬೆನ್ನೂರು ತಾಲ್ಲೂಕು

ಎಂಜಿನಿಯರರು ಕೇಳಿದ ಪ್ರಶ್ನೆಗೆ ನಮ್ಮ ಹೊಲದಲ್ಲಿಯೇ ಉತ್ತರವಿದೆ. ರಾಣೆಬೆನ್ನೂರು ಬೀಜೋತ್ಪಾದನೆಯ ಊರು. ಇಲ್ಲಿ ಟೊಮೆಟೊ, ಮೆಣಸಿನಕಾಯಿ, ಕಲ್ಲಂಗಡಿ ಬೆಳೆಯುವವರು ಹನಿ ನೀರಾವರಿಯ ಜೊತೆಗೆ ಏರುಮಡಿಗಳ ಮೇಲೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ ಹಾಸುತ್ತಾರೆ. ಅದರಿಂದ ಕಳೆ ಕಡಿಮೆ, ನೀರು ಉಳಿತಾಯ, ಕೂಲಿ ಉಳಿತಾಯ. ಹೊದಿಕೆಯನ್ನು ಬೇಡವೆನ್ನಲು ನನ್ನಿಂದ ಸಾಧ್ಯವಿಲ್ಲ. ಆದರೆ ಬೆಳೆ ಮುಗಿದ ಮೇಲೆ ಬಿಸಿಲಿಗೆ ಸೀಳಿ, ಬೇರಿಗೆ ಸಿಕ್ಕಿಕೊಂಡ ಆ ಹಾಳೆಯನ್ನು ಇಡಿಯಾಗಿ ಎತ್ತುವುದು ಯಾರಿಂದಲೂ ಆಗುವುದಿಲ್ಲ. ಎತ್ತಿದಷ್ಟನ್ನು ಬದುವಿನಲ್ಲಿ ಸುಡುತ್ತಾರೆ, ಉಳಿದದ್ದು ರಂಟೆ ಹೊಡೆದಾಗ ಚೂರುಚೂರಾಗಿ ಮಣ್ಣೊಳಗೆ ಸೇರುತ್ತದೆ. ಅಂಗಡಿಯ ಚೀಲವನ್ನು ಆಯ್ದು ತೆಗೆಯಬಹುದು. ಹೊಲದೊಳಗೆ ಹೂತ ಬೆರಳಗಲದ ಚೂರನ್ನು ಆಯುವವರು ಯಾರು? ಮಣ್ಣಿನಲ್ಲಿಯೇ ಉಳಿಯಲಿರುವ ವಸ್ತುವಿಗೆ ಮಣ್ಣಾಗುವ ಗುಣ ಬೇಕು ಎಂಬುದು ನನ್ನ ಮಾತು.

ಎರಡನೆಯದು ಸಸಿ ಚೀಲ. ಮಾವು, ಪಪ್ಪಾಯಿ, ಅಡಿಕೆ, ಅರಣ್ಯ ಸಸಿ, ಎಲ್ಲವೂ ಕಪ್ಪು ಚೀಲದಲ್ಲಿ ಬರುತ್ತವೆ. ನೆಡುವಾಗ ಅದನ್ನು ಹರಿದು ಗುಂಡಿಯ ಪಕ್ಕದಲ್ಲಿ ಎಸೆಯುತ್ತಾರೆ. ಅವಸರದಲ್ಲಿ ಚೀಲಸಹಿತ ನೆಟ್ಟರೆ ಬೇರು ಒಳಗೇ ಸುತ್ತಿಕೊಂಡು ಗಿಡ ಸೊರಗುತ್ತದೆ. ಚೀಲವು ಬೇರಿಗೆ ದಾರಿ ಬಿಟ್ಟು ಅಲ್ಲಿಯೇ ಕೊಳೆಯುವಂತಾದರೆ ಅದಕ್ಕೆ ಸ್ವಲ್ಪ ಹೆಚ್ಚು ಬೆಲೆ ಕೊಡಲು ರೈತರು ಹಿಂಜರಿಯುವುದಿಲ್ಲ, ಏಕೆಂದರೆ ಒಂದು ಗಿಡಕ್ಕೆ ಒಂದೇ ಚೀಲ.

ಒಂದು ಮಾತಿಗೆ ನನ್ನ ತಕರಾರಿದೆ. ಗೋವಿನಜೋಳದ ದಂಟು, ದಿಂಡುಗಳನ್ನು ಕೃಷಿ ತ್ಯಾಜ್ಯವೆಂದು ಬರೆಯುವುದನ್ನು ಎಷ್ಟೋ ಕಡೆ ಓದಿದ್ದೇನೆ. ನಮ್ಮಲ್ಲಿ ದಂಟು ದನಗಳ ಮೇವು, ದಿಂಡು ಒಲೆಗೂ ಬಾಯ್ಲರಿಗೂ ಉರುವಲು. ಯಾರೂ ಎಸೆಯುತ್ತಿಲ್ಲ. ಅದನ್ನು ಪ್ಲಾಸ್ಟಿಕ್ಕಿಗೆ ಒಯ್ದರೆ ದನಕ್ಕೆ ಏನು ಹಾಕಬೇಕೆಂಬುದನ್ನೂ ಹೇಳಬೇಕಾಗುತ್ತದೆ.

ವಾರ್ಡ್ ಸ್ವಚ್ಛತಾ ಬಳಗ, ಹುಬ್ಬಳ್ಳಿ

ರಾಣೆಬೆನ್ನೂರಿನವರ ಮಾತನ್ನು ನಗರದ ಕಡೆಯಿಂದಲೂ ಬೆಂಬಲಿಸುತ್ತೇನೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ 2016ರಲ್ಲಿಯೇ ನಿಷೇಧ ಬಂದಿದೆ. ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳು 2022ರ ಜುಲೈ 1ರಿಂದ ನಿಷಿದ್ಧವಾಗಿವೆ. ಆ ಬಳಿಕ ಪೇಟೆಯಲ್ಲಿ ಕಾಂಪೋಸ್ಟ್ ಆಗುತ್ತದೆಂದು ಹಸಿರು ಅಕ್ಷರಗಳಲ್ಲಿ ಬರೆದ ಚೀಲಗಳು ಹೆಚ್ಚಾದವು. ನಿಯಮದ ಪ್ರಕಾರ ಕಾಂಪೋಸ್ಟ್ ಆಗುವ ಚೀಲ ತಯಾರಿಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು, ಚೀಲದ ಮೇಲೆ ಆ ವಿವರ ಮುದ್ರಿಸಿರಬೇಕು, ಸರಕು ಐಎಸ್ 17088 ಮಾನದಂಡಕ್ಕೆ ಒಪ್ಪಬೇಕು. ಆ ಮಾನದಂಡವಾದರೋ ಕೈಗಾರಿಕಾ ಕಾಂಪೋಸ್ಟ್ ಘಟಕದ ಬಿಸಿಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಪಿಎಲ್‌ಎ ಎಂಬ ಜೈವಿಕ ಪ್ಲಾಸ್ಟಿಕ್ ಹೆಚ್ಚುಕಡಿಮೆ 58 ಡಿಗ್ರಿ ಬಿಸಿಯಲ್ಲಿ ಬೇಗ ಒಡೆಯುತ್ತದೆ, ತಣ್ಣನೆಯ ಮಣ್ಣಿನಲ್ಲಿ ಬಹುಕಾಲ ಹಾಗೆಯೇ ಬಿದ್ದಿರುತ್ತದೆ. ಅಂಥ ಚೀಲ ಗಟಾರಕ್ಕೆ ಬಿದ್ದರೆ ಮಾಮೂಲಿ ಚೀಲದಂತೆಯೇ ನೀರನ್ನು ತಡೆಯುತ್ತದೆ, ಹೊಸಯಲ್ಲಾಪುರದ ಅಥವಾ ಅಂಚಟಗೇರಿಯ ಕಸದ ರಾಶಿಗೆ ಸೇರಿದರೆ ಮಾಮೂಲಿ ಚೀಲದೊಂದಿಗೇ ಬೆರೆತುಹೋಗುತ್ತದೆ.

ಬ್ಯಾಕ್ಟೀರಿಯಾದ ಪ್ಲಾಸ್ಟಿಕ್ ಬಂತೆಂದು ಜನರು ಬಟ್ಟೆಯ ಕೈಚೀಲ ಬಿಟ್ಟರೆ ಅದು ಹಿನ್ನಡೆ. ಚೀಲದ ಕೆಲಸವನ್ನು ಬಟ್ಟೆ ಮಾಡುತ್ತದೆ. ದಯವಿಟ್ಟು ನಿಮ್ಮ ವಿದ್ಯಾರ್ಥಿಗಳಿಂದ ಇನ್ನೊಂದು ಕೈಚೀಲ ಮಾಡಿಸಬೇಡಿ.

ಬೋಧಕಿ, ಧಾರವಾಡ

ಇಷ್ಟು ಸ್ಪಷ್ಟವಾದ ಉತ್ತರ ಸಿಗುವುದೆಂದು ನಿರೀಕ್ಷಿಸಿರಲಿಲ್ಲ. ಕೈಚೀಲದ ವಿಚಾರ ಇಲ್ಲಿಗೆ ಬಿಟ್ಟಿದ್ದೇವೆ. ಹೊದಿಕೆ ಮತ್ತು ಸಸಿ ಚೀಲ, ಇವೆರಡರಲ್ಲಿ ಸಸಿ ಚೀಲದಿಂದ ಆರಂಭಿಸುವುದು ಸೂಕ್ತವೆಂದು ನನಗೆ ತೋರುತ್ತದೆ. ಹೊದಿಕೆಗೆ ಹಿಗ್ಗುವ ಗುಣ ಬೇಕು, ಶುದ್ಧ ಪಿಎಚ್‌ಬಿಗೆ ಅದಿಲ್ಲ. ಪಾಲಿಪ್ರೊಪಿಲೀನನ್ನು ಎಳೆದರೆ ತನ್ನ ಉದ್ದದ ಹಲವು ಪಟ್ಟು ಹಿಗ್ಗುತ್ತದೆ, ಪಿಎಚ್‌ಬಿ ಕೇವಲ ನಾಲ್ಕೈದು ಪ್ರತಿಶತ ಹಿಗ್ಗಿ ತುಂಡಾಗುತ್ತದೆ. ಅದು ಕರಗುವುದು ಸುಮಾರು 175 ಡಿಗ್ರಿಯಲ್ಲಿ, ಅದರ ಸರಪಳಿ ಕೆಡತೊಡಗುವುದು ಅಲ್ಲಿಂದ ಹೆಚ್ಚು ದೂರವಿಲ್ಲದ ಬಿಸಿಯಲ್ಲಿ. ಹೀಗಾಗಿ ಹಾಳೆ ಊದುವ ಯಂತ್ರದಲ್ಲಿ ಇದನ್ನು ಪಳಗಿಸುವುದು ಕಷ್ಟ. ಬ್ಯಾಕ್ಟೀರಿಯಾಗಳಿಗೆ ಸಕ್ಕರೆಯ ಜೊತೆ ಪ್ರೊಪಿಯಾನಿಕ್ ಆಮ್ಲವನ್ನು ಮಿತವಾಗಿ ಉಣಿಸಿದರೆ ಸರಪಳಿಯಲ್ಲಿ ವ್ಯಾಲರೇಟ್ ಕೊಂಡಿಗಳು ಸೇರಿ ಪಿಎಚ್‌ಬಿವಿ ಎಂಬ ಮೆತ್ತನೆಯ ಬಗೆ ಬರುತ್ತದೆ. ನಮ್ಮ ತಳಿಗಳು ಅದನ್ನು ಮಾಡಬಲ್ಲವೇ ಎಂದು ಮುಂದಿನ ಹಂತದಲ್ಲಿ ನೋಡುತ್ತೇವೆ. ಸಸಿಯ ಕುಂಡವಾದರೆ ಗಡುಸಾಗಿದ್ದರೂ ನಡೆಯುತ್ತದೆ, ಅದಕ್ಕೆ ತೆಂಗಿನ ನಾರಿನ ಪುಡಿಯನ್ನೋ ಶೇಂಗಾ ಸಿಪ್ಪೆಯ ಪುಡಿಯನ್ನೋ ಬೆರೆಸಿದರೆ ಪಾಲಿಮರೂ ಕಡಿಮೆ ಸಾಕು.

ಗೋವಿನಜೋಳದ ಕುರಿತ ಆಕ್ಷೇಪವನ್ನು ಒಪ್ಪುತ್ತೇನೆ. ಹಾಗಾದರೆ ಉಣಿಸುವುದಕ್ಕೆ ಉಳಿದದ್ದು ಯಾವುದು? ಕಾಕಂಬಿಯೇ, ಪನೀರು ತಯಾರಿಕೆಯಲ್ಲಿ ಉಳಿಯುವ ಹಾಲಿನ ತಿಳಿನೀರೇ?

ರಾಸಾಯನಿಕ ಎಂಜಿನಿಯರ್, ಹುಬ್ಬಳ್ಳಿ

ಕಾಕಂಬಿಯಲ್ಲಿ ಸುಕ್ರೋಸ್ ಇದೆ. ಕುಪ್ರಿಯಾವಿಡಸ್ ನೆಕೇಟರ್ ಸುಕ್ರೋಸನ್ನು ನೇರವಾಗಿ ಬಳಸಲಾರದು, ಅನೇಕ ಬ್ಯಾಸಿಲಸ್ ತಳಿಗಳು ಬಳಸಬಲ್ಲವು. ಪುಸ್ತಕದ ಹೆಸರಾಂತ ಬ್ಯಾಕ್ಟೀರಿಯಾಕ್ಕಿಂತ ಗಾಣದ ಹಿಂದಿನ ಮಣ್ಣಿನ ತಳಿ ನಮಗೆ ಹೆಚ್ಚು ಉಪಯುಕ್ತವಾಗಬಹುದಾದ ಒಂದು ಕಾರಣ ಇದು. ಆದರೆ ಕಾಕಂಬಿಗೆ ಇಂದು ಒಡೆಯರಿದ್ದಾರೆ. ಪೆಟ್ರೋಲಿಗೆ 20 ಪ್ರತಿಶತ ಎಥನಾಲ್ ಬೆರೆಸುವ ಕಾರ್ಯಕ್ರಮದಿಂದಾಗಿ ಕಾಕಂಬಿಗೂ ಗೋವಿನಜೋಳಕ್ಕೂ ಡಿಸ್ಟಿಲರಿಗಳು ಖಾತರಿಯ ಗಿರಾಕಿಗಳಾಗಿವೆ. ಅವರೊಂದಿಗೆ ಬೆಲೆಯಲ್ಲಿ ಪೈಪೋಟಿ ಮಾಡುವ ಯೋಜನೆ ನಿಲ್ಲಲಾರದು.

ಹಾಲಿನ ತಿಳಿನೀರಿನಲ್ಲಿ ಇರುವ ಸಕ್ಕರೆ ಲ್ಯಾಕ್ಟೋಸ್. ಅದನ್ನು ಪಿಎಚ್‌ಎ ಆಗಿ ಬದಲಿಸುವ ಸಾಮರ್ಥ್ಯ ಕೆಲವೇ ಬ್ಯಾಕ್ಟೀರಿಯಾಗಳಿಗಿದೆ. ಮೊದಲು ಕಿಣ್ವದಿಂದ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆದುಕೊಟ್ಟರೆ, ಉಪ್ಪುನೀರಿನಲ್ಲಿ ಬೆಳೆಯುವ ಹ್ಯಾಲೊಫೆರಾಕ್ಸ್ ಮೆಡಿಟರೇನಿ ಎಂಬ ಸೂಕ್ಷ್ಮಜೀವಿ ಅದನ್ನು ಬಳಸುತ್ತದೆ. ಇದು ಸಕ್ಕರೆಯೊಂದರಿಂದಲೇ ವ್ಯಾಲರೇಟ್ ಸೇರಿದ ಮೃದುವಾದ ಬಗೆಯನ್ನು ಕೊಡುತ್ತದೆ. ಅಷ್ಟು ಉಪ್ಪಿನಲ್ಲಿ ಬೇರೆ ಜೀವಿಗಳು ಬೆಳೆಯದ ಕಾರಣ ಕಲಬೆರಕೆಯ ಭಯ ಕಡಿಮೆ, ಕೊಯ್ಲಾದ ಕೋಶಗಳನ್ನು ಸಿಹಿನೀರಿಗೆ ಹಾಕಿದರೆ ತಾವೇ ಒಡೆದುಕೊಳ್ಳುವುದರಿಂದ ದ್ರಾವಕದ ಖರ್ಚೂ ಉಳಿಯುತ್ತದೆ. ಇಷ್ಟೆಲ್ಲ ಗುಣಗಳಿದ್ದರೂ ನಾನು ಇದನ್ನು ನಮ್ಮ ಭಾಗಕ್ಕೆ ಸೂಚಿಸುವುದಿಲ್ಲ. ಬಳಸಿದ ಉಪ್ಪುನೀರನ್ನು ಎಲ್ಲಿಗೆ ಬಿಡುವುದು? ಎರೆ ಭೂಮಿಯ ನೀರಾವರಿ ಪ್ರದೇಶಗಳಲ್ಲಿ ಸವಳು ಈಗಾಗಲೇ ದೊಡ್ಡ ಕೇಡು. ಸಮುದ್ರ ದಂಡೆಯವರು ಇದನ್ನು ಮಾಡಲಿ.

ನಿಮ್ಮ ವಿದ್ಯಾರ್ಥಿಗಳ ಅಳತೆಗೆ ಹೊಂದುವ ಪದಾರ್ಥ ಅವರು ಮಣ್ಣು ತಂದ ಜಾಗದಲ್ಲಿಯೇ ಇದೆ. ಗಾಣದಲ್ಲಿ ಪಾಕ ಕುದಿಯುವಾಗ ಮೇಲೆದ್ದು ಬರುವ ಕೊಳೆನೊರೆಯನ್ನು ತೆಗೆದು ಚೆಲ್ಲುತ್ತಾರೆ, ಕೊಪ್ಪರಿಗೆ ತೊಳೆದ ನೀರೂ ಹರಿದುಹೋಗುತ್ತದೆ. ಎರಡರಲ್ಲಿಯೂ ಸಕ್ಕರೆ ಇದೆ. ಕೊಳೆನೊರೆಯಲ್ಲಿ ಪ್ರೋಟೀನೂ ಇರುವುದರಿಂದ ಸಾರಜನಕವನ್ನು ಮೊದಲೇ ಅಳೆದುಕೊಳ್ಳಬೇಕು, ಏಕೆಂದರೆ ಸಾರಜನಕ ಹೆಚ್ಚಿದ್ದರೆ ಬ್ಯಾಕ್ಟೀರಿಯಾಗಳು ಸಂಖ್ಯೆಯಲ್ಲಿ ಬೆಳೆಯುತ್ತವೆಯೇ ಹೊರತು ಪ್ಲಾಸ್ಟಿಕ್ ಕೂಡಿಡುವುದಿಲ್ಲ. ತೊಳೆದ ನೀರಿನಿಂದ ಆರಂಭಿಸಿ. ಪಿಷ್ಟದ ಗಿರಣಿಯ ಹೊರನೀರು ಸಿಕ್ಕರೆ ಅದನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ಇಂಥ ಕಲಬೆರಕೆ ನೀರಿಗೆ ಒಂದೇ ಶುದ್ಧ ತಳಿಯನ್ನು ಹಾಕುವುದಕ್ಕೆ ಬದಲಾಗಿ, ಮಿಶ್ರ ಬ್ಯಾಕ್ಟೀರಿಯಾ ಸಮೂಹಕ್ಕೆ ಕೆಲಕಾಲ ಉಣಿಸಿ ಕೆಲಕಾಲ ಉಪವಾಸ ಕೆಡವುವ ವಿಧಾನವೂ ಇದೆ. ಉಪವಾಸವನ್ನು ತಾಳಿಕೊಳ್ಳುವುದು ಕೂಡಿಟ್ಟುಕೊಂಡವುಗಳಷ್ಟೇ ಆದ್ದರಿಂದ, ಸುತ್ತು ಮರುಕಳಿಸಿದಂತೆಲ್ಲ ಅವುಗಳ ಪಾಲು ತಾನಾಗಿಯೇ ಹೆಚ್ಚುತ್ತದೆ. ಇದಕ್ಕೆ ಹಬೆಯ ಕ್ರಿಮಿಶುದ್ಧಿಯ ಖರ್ಚೂ ಬೇಕಿಲ್ಲ.

ಸಂಶೋಧನಾ ವಿದ್ಯಾರ್ಥಿ, ಗದಗ

ಕೊಳೆಯುವ ಪರೀಕ್ಷೆಯ ಬಗ್ಗೆ ಯಾರೂ ಇನ್ನೂ ವಿವರವಾಗಿ ಬರೆದಿಲ್ಲ, ಅದನ್ನು ನಾನು ಬರೆಯುತ್ತೇನೆ. ಹಾಳೆಯನ್ನು ಹೂತು ಕೆಲವು ವಾರಗಳ ಮೇಲೆ ತೆಗೆದು ತೂಕ ಕಡಿಮೆಯಾಗಿದೆ ಎಂದು ಬರೆಯುವುದು ರೂಢಿ. ತೂಕ ಕಡಿಮೆಯಾದದ್ದು ತಿನ್ನಲ್ಪಟ್ಟದ್ದರಿಂದಲೋ, ಚೂರಾಗಿ ಮಣ್ಣಿನಲ್ಲಿ ಬೆರೆತದ್ದರಿಂದಲೋ ಎಂಬುದು ಅದರಿಂದ ತಿಳಿಯುವುದಿಲ್ಲ. ರಾಣೆಬೆನ್ನೂರಿನವರು ದೂರುತ್ತಿರುವುದೇ ಚೂರಾಗುವುದರ ಬಗ್ಗೆ. ಐಎಸ್ಒ 17556 ಎಂಬ ವಿಧಾನದಲ್ಲಿ ಮಣ್ಣನ್ನೂ ಪ್ಲಾಸ್ಟಿಕ್ಕನ್ನೂ ಮುಚ್ಚಿದ ಪಾತ್ರೆಯಲ್ಲಿಟ್ಟು, ಹೊರಬಂದ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತಾರೆ. ಪಕ್ಕದಲ್ಲಿ ಬರೀ ಮಣ್ಣಿನ ಪಾತ್ರೆಯೊಂದು, ಸೆಲ್ಯುಲೋಸ್ ಬೆರೆಸಿದ ಮಣ್ಣಿನ ಪಾತ್ರೆಯೊಂದು ಇರುತ್ತವೆ. ಕ್ಷಾರದ ದ್ರಾವಣದಲ್ಲಿ ಅನಿಲವನ್ನು ಹಿಡಿದು ಉಳಿದ ಕ್ಷಾರವನ್ನು ಆಮ್ಲ ಹನಿಸಿ ಅಳೆಯುವುದು (ಟೈಟ್ರೇಟ್ ಮಾಡುವುದು) ಪದವಿ ತರಗತಿಯ ಪ್ರಯೋಗಾಲಯದಲ್ಲಿಯೂ ಆಗುವ ಕೆಲಸ. ಯುರೋಪಿನಲ್ಲಿ ಕೃಷಿ ಹೊದಿಕೆಗೆ 2018ರಲ್ಲಿ ಬಂದ ಇಎನ್ 17033 ಮಾನದಂಡವು ಎರಡು ವರ್ಷಗಳೊಳಗೆ 90 ಪ್ರತಿಶತ ಇಂಗಾಲವು ಹೀಗೆ ಅನಿಲವಾಗಬೇಕೆಂದು ಕೇಳುತ್ತದೆ. ನಮ್ಮ ಅಳತೆಗೋಲು ಅದೇ ಇರಲಿ.

ಆದರೆ ಆ ಪರೀಕ್ಷೆ 20ರಿಂದ 28 ಡಿಗ್ರಿಯ ಹದವಾದ, ತೇವದ ಮಣ್ಣಿನದು. ನಮ್ಮ ಎರೆ ಭೂಮಿ ಮಳೆಗಾಲದಲ್ಲಿ ನೀರು ಹಿಡಿದು ಗಾಳಿಯಾಡದಂತಾಗುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮಸಾರಿಯಲ್ಲಿ ನೀರು ನಿಲ್ಲುವುದೇ ಇಲ್ಲ. ಒಣಗಿದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳ ಕೆಲಸ ನಿಂತುಹೋಗುವುದರಿಂದ, ಒಂದೇ ಕುಂಡವು ಹಾನಗಲ್ಲಿನ ಅಡಿಕೆ ತೋಟದಲ್ಲಿ ಒಂದು ವೇಗದಲ್ಲಿ, ರೋಣದ ಒಣ ಹೊಲದಲ್ಲಿ ಮತ್ತೊಂದು ವೇಗದಲ್ಲಿ ಕೊಳೆಯುತ್ತದೆ. ಆದ್ದರಿಂದ ಎರಡೂ ಮಣ್ಣುಗಳಲ್ಲಿ, ತೇವವನ್ನು ಬೇರೆಬೇರೆಯಾಗಿಟ್ಟು ಪರೀಕ್ಷಿಸದ ಹೊರತು ಯಾವ ರೈತರಿಗೂ ಅವಧಿಯ ಮಾತು ಕೊಡಬಾರದು.

ವಿದ್ಯಾರ್ಥಿಗಳಿಗೆ ಇನ್ನೊಂದು ಸುಲಭ ಪ್ರಯೋಗವಿದೆ. ಪಿಎಚ್‌ಬಿ ಪುಡಿಯನ್ನು ಅಗಾರಿನಲ್ಲಿ ಬೆರೆಸಿ ಹಾಲಿನಂತೆ ಮಬ್ಬಾದ ತಟ್ಟೆಗಳನ್ನು ಮಾಡಿ, ಅದೇ ಹೊಲದ ಮಣ್ಣಿನ ದ್ರಾವಣವನ್ನು ಹರಡಿದರೆ, ಪಿಎಚ್‌ಬಿ ತಿನ್ನುವ ಜೀವಿಗಳ ಸುತ್ತ ತಿಳಿಯಾದ ವೃತ್ತಗಳು ಮೂಡುತ್ತವೆ. ಕೂಡಿಡುವವರು ಸಿಕ್ಕ ಮಣ್ಣಿನಲ್ಲಿ ತಿನ್ನುವವರು ಎಷ್ಟಿದ್ದಾರೆಂದು ಎಣಿಸದೆ ಈ ಕಿರುಸಂಶೋಧನೆ ಪೂರ್ಣವಾಗುವುದಿಲ್ಲ.

ಕೃಷಿಕ, ರಾಣೆಬೆನ್ನೂರು ತಾಲ್ಲೂಕು

ಪರೀಕ್ಷೆಗೆ ನನ್ನ ಜಮೀನಿನ ಒಂದು ಮೂಲೆಯನ್ನು ಬಿಟ್ಟುಕೊಡುತ್ತೇನೆ, ನೀರು ಬಿಡುವ ಕೆಲಸವೂ ನನ್ನದೇ. ನನ್ನ ಕೋರಿಕೆ ಎರಡು. ಕುಂಡದಲ್ಲಿ ಸಸಿ ಬೆಳೆಸಿಯೇ ಹೂಳಬೇಕು, ಬರಿಯ ಕುಂಡವನ್ನಲ್ಲ, ಏಕೆಂದರೆ ನರ್ಸರಿಯಲ್ಲಿ ದಿನವೂ ನೀರುಣ್ಣುವ ಕುಂಡವು ನೆಡುವ ಮೊದಲೇ ಕುಸಿದರೆ ಅದರಿಂದ ಪ್ರಯೋಜನವಿಲ್ಲ. ಎರಡನೆಯದಾಗಿ, ಮಾಮೂಲಿ ಕಪ್ಪು ಚೀಲದಲ್ಲಿ ಬೆಳೆದ ಸಸಿಯನ್ನೂ ಅದೇ ಸಾಲಿನಲ್ಲಿ ನೆಟ್ಟು ಬೇರನ್ನು ಬಗೆದು ಹೋಲಿಸಬೇಕು. ರೈತರು ನಂಬುವುದು ಬೇರನ್ನು ನೋಡಿ.

ಬೋಧಕಿ, ಧಾರವಾಡ

ಎರಡೂ ಕೋರಿಕೆಗಳು ಒಪ್ಪಿಗೆ. ಈ ಚರ್ಚೆಯಂತೆ ನಮ್ಮ ಯೋಜನೆ ಹೀಗೆ ಬದಲಾಗಿದೆ: ಗಾಣದ ಮಣ್ಣಿನ ತಳಿಗಳಲ್ಲಿ ವಿಷದ ಗುಣವಿಲ್ಲದವನ್ನು ಆರಿಸಿ, ಗಾಣದ ತೊಳೆದ ನೀರಿನ ಮೇಲೆ ಬೆಳೆಸಿ, ಸಸಿ ಕುಂಡಕ್ಕೆ ಬೇಕಾದಷ್ಟು ಪಾಲಿಮರ್ ಕೂಡಿಸುತ್ತೇವೆ. ದ್ರಾವಕವನ್ನು ಕಡಿಮೆ ಮಾಡಲು, ಒಣಗಿಸಿದ ಕೋಶಗಳನ್ನೇ ನಾರಿನ ಪುಡಿಯೊಂದಿಗೆ ಒತ್ತಿ ಕುಂಡ ಮಾಡಿ ನೋಡುವ ಆಲೋಚನೆಯೂ ಇದೆ. ಕುಂಡಕ್ಕೆ ಅತಿ ಶುದ್ಧ ಪಾಲಿಮರ್ ಅಗತ್ಯವಿಲ್ಲದಿದ್ದರೆ ಬೇರ್ಪಡಿಸುವ ದೊಡ್ಡ ಖರ್ಚೇ ತಪ್ಪಬಹುದು, ಆದರೆ ಹಾಗೆ ಮಾಡುವಾಗ ಬೀಜಕಗಳು ಉಳಿಯದಂತೆ ಒತ್ತಡದ ಹಬೆಯಲ್ಲಿ ಕಾಯಿಸಲೇಬೇಕು.

ಆರಿಸಿದ ತಳಿಯೊಂದನ್ನು ಸೂಕ್ಷ್ಮಜೀವಿ ತಳಿಗಳನ್ನು ಕಾಪಿಡುವ ಚಂಡೀಗಡದ ಎಂಟಿಸಿಸಿ ಸಂಗ್ರಹದಲ್ಲಿ ಠೇವಣಿ ಇಡುತ್ತೇವೆ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಸೂಕ್ಷ್ಮಜೀವಿಗಳೂ ಜೈವಿಕ ಸಂಪನ್ಮೂಲವಾಗಿರುವುದರಿಂದ, ಮಣ್ಣು ಕೊಟ್ಟ ಗಾಣದವರ ಊರಿನ ಹೆಸರನ್ನು ದಾಖಲೆಯಲ್ಲಿ ಬರೆಸುತ್ತೇವೆ, ಮುಂದೆ ಯಾರಾದರೂ ವಾಣಿಜ್ಯಕ್ಕೆ ಬಳಸುವುದಾದರೆ ಆ ಊರಿನ ಜೀವವೈವಿಧ್ಯ ಸಮಿತಿಯ ಗಮನಕ್ಕೂ ತರುತ್ತೇವೆ.

ಗದಗದ ಮಿತ್ರರಲ್ಲಿ ಒಂದು ವಿನಂತಿ. ರೋಣದ ಕಡೆಯ ಎರೆ ಮಣ್ಣನ್ನು, ಗೊಬ್ಬರ ಹಾಕಿ ಬಹಳ ದಿನವಾದ ಹೊಲದಿಂದ, ಒಂದು ಗೇಣಿನ ಆಳದವರೆಗೆ ತೆಗೆದು, ಬಿಸಿಲಿಗೆ ಒಣಗಿಸದೆ, ಎರಡು ಮಿಲಿಮೀಟರಿನ ಜರಡಿ ಹಿಡಿದು ಕಳಿಸಿಕೊಡಬೇಕು. ಧಾರವಾಡದ ಮಸಾರಿ ಮಣ್ಣನ್ನು ನಾವು ಅದೇ ವಾರ ತೆಗೆಯುತ್ತೇವೆ, ಎರಡರ ಪಾತ್ರೆಗಳನ್ನೂ ಒಂದೇ ದಿನ ಮುಚ್ಚೋಣ.